ನಿಂತರೆ ಹೊರಡದ ಕಾರಿನಲ್ಲಿ ವೈ.ಎನ್.ಹೊಸಕೋಟೆಗೆ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಮಧುಗಿರಿ ಬಸ್ ನಿಲ್ದಾಣದ ಎದುರು ಹಸುವೊಂದು ಅಡ್ಡ ಬಂದು ಅಣ್ಣ ಬ್ರೇಕ್ ಒತ್ತಿದಾಗ, ಇಂಜಿನ್ ಮೊದಲ ಸಲ ನಿಂತಿತು. ಕೊರಟಗೆರೆಯ ನಮ್ಮ ಮನೆಯಿಂದ ಅಲ್ಲಿಯವರೆಗೆ ಒಂದು ತಕರಾರೂ ಇಲ್ಲದೆ ಬಂದಿತ್ತು. ಅಣ್ಣ ಕೀ ತಿರುಗಿಸಿ ಆಕ್ಸಿಲರೇಟರನ್ನು ನಾಲ್ಕು ಸಲ ತುಳಿದ. ಹೊರಟಿತು. ಕಾಲು ತೆಗೆದ ಕೂಡಲೇ ಮತ್ತೆ ನಿಂತಿತು.

ಕಾರು ಅಪ್ಪನ ಕಾಲದ ಅಂಬಾಸಿಡರ್. ಅದನ್ನೇ ತೆಗೆದುಕೊಂಡು ಹೋಗಲು ಕಾರಣವಿತ್ತು. ಗೌಡಗೆರೆಯಲ್ಲಿರುವ ನಮ್ಮ ಸೋದರತ್ತೆ ಲಕ್ಕಮ್ಮನವರಿಗೆ ಸೊಂಟದ ಆಪರೇಷನ್ ಆಗಿದೆ. ಈಗಿನ ತಗ್ಗಿನ ಕಾರುಗಳೊಳಗೆ ಬಗ್ಗಿ ಕೂರುವಂತಿಲ್ಲ, ಬಸ್ಸಿನ ಮೆಟ್ಟಿಲು ಹತ್ತುವಂತಿಲ್ಲ. ಅಂಬಾಸಿಡರಿನ ಹಿಂದಿನ ಸೀಟು ಎತ್ತರ. ಕಾಲು ಚಾಚಿ ಒರಗಬಹುದು. ಮಾರನೆಯ ದಿನ ವೈ.ಎನ್.ಹೊಸಕೋಟೆಯಲ್ಲಿ ಅವರ ಮೊಮ್ಮಗಳ ಕೂಸಿಗೆ ನಾಮಕರಣ. ಕಿವಿಯಲ್ಲಿ ಹೆಸರು ಹೇಳುವವಳು ತಾನೇ ಎಂದು ಅತ್ತೆ ಹಟ ಹಿಡಿದಿದ್ದರು.

ತಟ್ಟೆ ಇಡ್ಲಿಯ ಹೋಟೆಲೊಂದರ ಮುಂದೆ ಅಣ್ಣ ಬಾನೆಟ್ ಎತ್ತಿದ. ಅವನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಈ ಕಾರನ್ನು ಮೂವತ್ತು ವರ್ಷದಿಂದ ತಾನೇ ಬಿಚ್ಚಿ ಜೋಡಿಸಿದವನು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕಪ್ಪುಗಟ್ಟಿದ್ದ ಪಾಯಿಂಟುಗಳನ್ನು ಮರಳು ಕಾಗದದಿಂದ ಉಜ್ಜಿದ. ಪ್ಲಗ್ ಬಿಚ್ಚಿದರೆ ತುದಿ ಬಿಳುಚಿಕೊಂಡಿತ್ತು.

"ಕಿಡಿ ಬರ್ತಿದೆ. ಪೆಟ್ರೋಲ್ ಸಾಲ್ತಿಲ್ಲ, ಇಲ್ಲಾ ಗಾಳಿ ಜಾಸ್ತಿ ಆಗಿದೆ" ಎಂದ.

ಹೋಟೆಲಿನವನು ಕಾಫಿ ಲೋಟ ಹಿಡಿದು ನೋಡುತ್ತಿದ್ದ. "ಸಾರ್, ಇದನ್ನ ಬೆಟ್ಟದ ಮೇಲಿಂದ ತಳ್ಬುಡಿ. ಒಂದೇ ಏಟಿಗೆ ಸ್ಟಾರ್ಟ್ ಆಯ್ತದೆ."

ಸಿರಾ ತಲುಪುವಷ್ಟರಲ್ಲಿ ಎಷ್ಟು ಸಲ ನಿಂತಿತೋ ಲೆಕ್ಕವಿಡಲಿಲ್ಲ. ಅಲ್ಲಿ ಅಣ್ಣನಿಗೆ ಪರಿಚಯದ ಮೆಕ್ಯಾನಿಕ್ ರಫೀಕ್ ಕಾರ್ಬುರೇಟರಿನ ಬಾಯಿಗೆ ಅಂಗೈ ಅರ್ಧ ಅಡ್ಡ ಹಿಡಿದ. ಸಾಯುತ್ತಿದ್ದ ಇಂಜಿನ್ ಚೇತರಿಸಿಕೊಂಡಿತು. ಕೈ ತೆಗೆದ, ನಿಂತಿತು.

"ನೋಡಿದ್ರಾ? ಕಾರ್ಬುರೇಟರ್ ಬುಡದಾಗೆ ಎಲ್ಲೋ ಗಾಳಿ ಎಳೀತೈತೆ. ಗ್ಯಾಸ್ಕೆಟ್ ಹೋಗಿರ್ಬೇಕು. ಈ ಮಾಡೆಲ್‌ದು ನನ್ನತ್ರ ಇಲ್ಲ, ತರಿಸ್ಬೇಕು. ಗಾಡಿ ಇಲ್ಲೇ ಬುಡಿ."

"ನಾಳೆ ನಾಮಕರಣ ಕಣಯ್ಯ" ಎಂದ ಅಣ್ಣ.

"ಹಂಗಾದ್ರೆ ಐಡ್ಲಿಂಗ್ ಏರಿಸಿ ಕೊಡ್ತೀನಿ. ಆದ್ರೆ ಇದು ಜುಗಾಡು, ಸಾರ್. ಭರೋಸಾ ಇಟ್ಕಬೇಡಿ."

ಸ್ಕ್ರೂ ತಿರುಗಿಸಿದ ಮೇಲೆ ಇಂಜಿನ್ ನಿಂತಲ್ಲೇ ಅರಚತೊಡಗಿತು. ಗೌಡಗೆರೆಯ ದಾರಿಯಲ್ಲಿ ಹೊಸ ಕಾಟ ಶುರುವಾಯಿತು: ಏರು ಸಿಕ್ಕಾಗಲೆಲ್ಲ ಇಂಜಿನ್ನಿನೊಳಗೆ ಟಕಟಕ ಸದ್ದು. ಸಂಜೆ ಅತ್ತೆಯ ಮನೆ ಮುಂದೆ ಅಣ್ಣ ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ ಚೂರು ತಿರುಗಿಸಿದ, ಓಡಿಸಿ ನೋಡಿದ, ಇನ್ನೂ ಚೂರು ತಿರುಗಿಸಿದ. ಸದ್ದು ಹೋಯಿತು. ಕಿಡಿ ಹೊತ್ತುವ ಗಳಿಗೆ ಆಗ ತೀರ ಹಿಂದೆ ಬಿದ್ದಿತ್ತೆಂಬುದು ನಮಗೆ ತಿಳಿದದ್ದು ಆಮೇಲೆ. ಆ ಸಂಜೆ ಇಬ್ಬರೂ ನೆಮ್ಮದಿಯಿಂದ ಮುದ್ದೆ, ಅವರೆಕಾಳು ಸಾರು ಉಂಡೆವು.

ಬೆಳಿಗ್ಗೆ ಮೈ ಕೊರೆಯುವ ಚಳಿ. ಅತ್ತೆ ಬಲಗಡೆಯ ಬಾಗಿಲಿಗೆ ದಿಂಬಿಟ್ಟು ಒರಗಿ, ಸೀಟಿನುದ್ದಕ್ಕೂ ಕಾಲು ಚಾಚಿ ಕೂತರು. ಆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ನಾನು ಮುಂದೆ ಅಣ್ಣನ ಪಕ್ಕ ಕೂತೆ. ಆಂಧ್ರದ ಮಡಕಶಿರಾ ದಾಟಿ ಪಾವಗಡದ ಕಡೆ ಹೊರಟೆವು. ರಫೀಕನ ಜುಗಾಡು ಆಗಲೇ ಕೈಕೊಟ್ಟಿತ್ತು; ರಸ್ತೆಯ ಪ್ರತಿ ಹಂಪಿನಲ್ಲೂ ಇಂಜಿನ್ ನಿಲ್ಲುವುದು, ಅಣ್ಣ ಕೀ ತಿರುಗಿಸಿ ಕಾಲು ಕುಣಿಸುವುದು. ಪಾವಗಡಕ್ಕೆ ಬರುವಷ್ಟರಲ್ಲಿ ಅವನ ಕೈಕಾಲು ಅದನ್ನು ತಾವಾಗಿಯೇ ಮಾಡುತ್ತಿದ್ದವು.

"ಲೇ ಸೀನ, ನಿನ್ನ ಕಾರಿಗಿಂತ ನನ್ನ ಸೊಂಟವೇ ವಾಸಿ ಕಣ್ಲಾ" ಎಂದರು ಅತ್ತೆ.

ಪಾವಗಡ ದಾಟಿದ ಮೇಲೆ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಒಣಗಿದ ಗಿಡಗಳನ್ನು ಬಳ್ಳಿ ಸಮೇತ ಡಾಂಬರಿಗೆ ಹಾಸಿ, ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ಸುಗ್ಗಿಯಲ್ಲಿ ಇಲ್ಲೆಲ್ಲ ಸಾಮಾನ್ಯ. ಎಲ್ಲರೂ ನಿಧಾನವಾಗಿ ದಾಟಿ, ಸಿಕ್ಕಿಕೊಂಡ ಬಳ್ಳಿಯನ್ನು ಇಳಿದು ಕಿತ್ತು ಹೋಗುತ್ತಾರೆ. ನಾವು ನಿಧಾನ ಮಾಡಲಿಲ್ಲ. ಮೊದಲ ರಾಶಿ, ಎರಡನೆಯದು, ಮತ್ತೊಂದು. ಕಾರಿನ ಕೆಳಗೆ ಏನೋ ಪರಪರ ಎಳೆದುಕೊಂಡು ಬರುವ ಸದ್ದು.

"ಅಣ್ಣ, ಸುಟ್ಟ ವಾಸನೆ. ನಿಲ್ಸು" ಎಂದೆ.

"ನಿಲ್ಸಿದ್ರೆ ಮತ್ತೆ ಹೊರಡಲ್ಲ ಕಣೇ. ಇನ್ನೇನು ಬಂದೇ ಬಿಡ್ತಲ್ಲ ಊರು."

"ಕಾಲ ಕೆಳಗೆ ಬಿಸಿ ಆಯ್ತೈತೆ" ಎಂದರು ಅತ್ತೆ.

ಮುಂದಿನ ರಾಶಿಯ ಪಕ್ಕ ಹುರುಳಿ ತೂರುತ್ತಿದ್ದ ಇಬ್ಬರು ಹೆಂಗಸರು ಮೊರ ಬಿಸಾಡಿ ರಸ್ತೆಗೆ ಓಡಿ ಬಂದರು. "ನಿಪ್ಪಂಟುಕುಂದಿ, ಆಪಂಡಿ!" ಬೆಂಕಿ ಹತ್ತಿದೆ, ನಿಲ್ಲಿಸಿ ಎಂದು ತೆಲುಗಿನಲ್ಲಿ ಕೂಗುತ್ತಿದ್ದರು.

ಅಣ್ಣ ಬ್ರೇಕ್ ಹಾಕಿದ. ಇಂಜಿನ್ ನಿಂತಿತು. ಸೀಟಿನ ಸಂದಿಯಿಂದ ಹೊಗೆ ಮೇಲೆದ್ದಿತು. ಆಗ ನಡೆದದ್ದನ್ನೇ ನಾನು ಇವತ್ತಿಗೂ ಮತ್ತೆ ಮತ್ತೆ ನೋಡುತ್ತಿದ್ದೇನೆ. ಅಣ್ಣ ಬಾಗಿಲು ತೆಗೆಯಲಿಲ್ಲ, ಹಿಂದೆ ತಿರುಗಲಿಲ್ಲ. ಕೀ ತಿರುಗಿಸಿ ಆಕ್ಸಿಲರೇಟರ್ ತುಳಿಯತೊಡಗಿದ. ಸೈಲೆನ್ಸರ್ ಢಬ್ ಎಂದು ಸಿಡಿಯಿತು. ಮತ್ತೆ ತಿರುಗಿಸಿದ. ಕೆಳಗೆ ಉರಿಯುತ್ತಿದೆ, ಅತ್ತೆ ಕೂತ ಸೀಟಿನ ಹಿಂದೆಯೇ ಪೆಟ್ರೋಲ್ ಟ್ಯಾಂಕು, ಅವನ ಮುಖದಲ್ಲಿ ಮಾತ್ರ ಹಂಪಿನಲ್ಲಿ ನಿಂತ ಕಾರನ್ನು ಹೊರಡಿಸುವವನ ಬೇಸರ. ನಾನು ಅವನ ಬೆರಳ ಕೆಳಗಿಂದ ಕೀ ಕಿತ್ತುಕೊಂಡೆ. ಆಗ ಅವನಿಗೆ ಎಚ್ಚರವಾಯಿತು.

ಆ ಹೆಂಗಸರು ಅಷ್ಟರಲ್ಲಿ ಬಲಗಡೆಯ ಬಾಗಿಲು ತೆಗೆದಿದ್ದರು. ಒರಗಿದ್ದ ಅತ್ತೆ ದಿಂಬಿನ ಸಮೇತ ಹಿಂದಕ್ಕೆ ಬಿದ್ದರು. ಹೆಂಗಸರು ಅವರ ಕಂಕುಳಿಗೆ ಕೈ ಹಾಕಿ ಎಳೆದುಕೊಂಡರು. ಅಣ್ಣ ಬೊಗಸೆಯಲ್ಲಿ ಮಣ್ಣು ಎರಚಿದ. ನಾನು ಆ ಹೆಂಗಸರ ಕುಡಿಯುವ ನೀರಿನಲ್ಲಿ ಗೋಣಿಚೀಲ ಅದ್ದಿ ಕೊಟ್ಟೆ. ಸೈಲೆನ್ಸರಿಗೆ ಹಗ್ಗದಂತೆ ಸುತ್ತಿದ್ದ ಬಳ್ಳಿ ಕೆಂಪಗೆ ಉರಿದು ಕಪ್ಪಾಯಿತು. ಅಣ್ಣನ ಅಂಗೈ ಬೆಂದಿತ್ತು. ಅತ್ತೆಗೆ ಏನೂ ಆಗಿರಲಿಲ್ಲ.

"ಏಂ ಸಾರೂ, ಹುರುಳಿ ಮೇಲೆ ಇಂಗಾ ಬರೋದು?" ಎಂದಳು ಹಿರಿಯ ಹೆಂಗಸು. "ನಿದಾನಕ್ಕೆ ಬರೋಕೆ ಏನಾಗಿತ್ತು?"

"ನಿಧಾನ ಮಾಡಿದ್ರೆ ನಿಂತೋಗುತ್ತಮ್ಮ."

"ನಿಂತೋದ್ರೆ ಏಮೈತುಂದಿ, ಏನಾಯ್ತದೆ? ನಿಂತಿರ್ತದೆ ಅಷ್ಟೇ."

ಆ ದಾರಿಯಲ್ಲಿ ಬಂದ, ಕಡಲೆಕಾಯಿ ಚೀಲ ಸಾಗಿಸುವ ಗೂಡ್ಸ್ ಆಟೊದ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ನಾಲ್ವರು ಸೇರಿ ಅತ್ತೆಯನ್ನು ಎತ್ತಿ ಕೂರಿಸಿದರು. ಹೊಗೆ ವಾಸನೆಯ ಸೀರೆಯಲ್ಲೇ ಅವರು ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಪಾವಗಡದ ಗ್ಯಾರೇಜಿಗೆ ಎಳೆಸಿದೆವು.

ಕಾರು ಸರಿಯಾಗುವವರೆಗೆ ಹೊಸಕೋಟೆಯಲ್ಲೇ ಕಳೆದ ದಿನಗಳು ಉದ್ದವಾಗಿದ್ದವು. ಕಣ್ಣು ಮುಚ್ಚಿದರೆ ಕೀ ತಿರುಗುವುದು ಕಾಣುತ್ತಿತ್ತು. ಅಣ್ಣನೂ ಮಲಗುತ್ತಿರಲಿಲ್ಲ. ಒಬ್ಬರಿಗೊಬ್ಬರು ಅದರ ಮಾತು ಎತ್ತಲಿಲ್ಲ. ರಫೀಕ್ ತರಿಸಿದ ಗ್ಯಾಸ್ಕೆಟ್ ಬಸ್ಸಿನಲ್ಲಿ ಬಂತು. ಗ್ಯಾರೇಜಿನವನು ಸುಟ್ಟ ವೈರು, ಪೆಟ್ರೋಲ್ ಪೈಪು ಬದಲಾಯಿಸಿದ; ಗ್ಯಾಸ್ಕೆಟ್ ಕೂರಿಸಿ, ಬಲ್ಬು ಹಚ್ಚಿ ಕಿಡಿಯ ಟೈಮಿಂಗ್ ಹೊಂದಿಸಿದ. ಕಿಡಿ ಅಷ್ಟು ತಡವಾದರೆ ಉರಿ ಸೈಲೆನ್ಸರಿನವರೆಗೂ ಹೋಗಿ ಪೈಪು ಕಾದು ಕೆಂಪಾಗುತ್ತದೆ ಎಂದು ಅಣ್ಣ ನನಗೆ ವಿವರಿಸಿದ. ಪಾಠ ಹೇಳುವ ದನಿಯೇ. ಆದರೆ ನನ್ನ ಮುಖ ನೋಡಲಿಲ್ಲ.

ಗೌಡಗೆರೆಗೆ ಮರಳಲು ಅತ್ತೆಗೆ ಬೇರೆ ದಾರಿ ಇರಲಿಲ್ಲ. ಮತ್ತೆ ಅದೇ ಸೀಟು. ಪ್ರತಿ ಹುರುಳಿ ರಾಶಿಯ ಮುಂದೆ ಅಣ್ಣ ಇಂಜಿನ್ ಆರಿಸಿ, ಇಳಿದು, ಕೈಯಿಂದ ಬಳ್ಳಿ ಸರಿಸಿ ದಾರಿ ಮಾಡಿದ. ದಾಟಿದ ಮೇಲೆ ನೆಲಕ್ಕೆ ಬಗ್ಗಿ ಕೆಳಗೆ ನೋಡಿದ. ಒಕ್ಕುವವರು ನಕ್ಕರು. ಕಾರು ಪ್ರತಿ ಸಲವೂ ಹೊರಟಿತು.

ಮಡಕಶಿರಾದಲ್ಲಿ ಟೀ ಕುಡಿಯಲು ನಿಂತೆವು. ಇಂಜಿನ್ ಆರಿಸದೆ ಬಿಟ್ಟು, ಬಾನೆಟ್ ಮೇಲೆ ಅಂಗೈ ಇಟ್ಟುಕೊಂಡು ಅಣ್ಣ ಅದರ ಸದ್ದು ಕೇಳುತ್ತಿದ್ದ. ಸಮನಾಗಿ ಆಡುತ್ತಿತ್ತು.

"ಅವತ್ತು ನಾನು ಏನು ಮಾಡ್ದೆ?" ಎಂದ. "ಬ್ರೇಕ್ ಹಾಕಿದ್ದು ನೆನಪಿದೆ. ಮಣ್ಣು ಎರಚಿದ್ದು ನೆನಪಿದೆ. ಮಧ್ಯದ್ದು ಇಲ್ಲ. ಎಷ್ಟು ಯೋಚಿಸಿದ್ರೂ ಬರ್ತಿಲ್ಲ."

ಸುಳ್ಳು ಹೇಳಬಹುದಿತ್ತು. "ಸ್ಟಾರ್ಟ್ ಮಾಡ್ತಿದ್ದೆ" ಎಂದೆ. "ಎರಡು ಸಲ ಕೀ ತಿರುಗಿಸಿದೆ. ನಾನು ಕಿತ್ತುಕೊಂಡೆ."

ಅವನು ಲೋಟವನ್ನು ಬಾನೆಟ್ ಮೇಲಿಟ್ಟ.

"ಎರಡಲ್ಲ, ಮೂರು" ಎಂದರು ಅತ್ತೆ, ಕಾರಿನ ಕಿಟಕಿಯಿಂದ. "ನಾನು ಹಿಂದೆ ಕುಂತು ನೋಡ್ತಾನೇ ಇದ್ದೆ."

"ಗೊತ್ತಿದ್ದೂ ಮತ್ತೆ ಇದರಲ್ಲೇ ಕೂತ್ರಾ, ಅತ್ತೆ?"

"ಇನ್ನೆಂಗೆ ಹೋಗ್ಲಿ, ಹಾರ್ಕೊಂಡು ಹೋಗ್ಲಾ? ಟೀ ಆರೋಯ್ತದೆ, ಕುಡಿ. ನಂಗೂ ಒಂದು ತತ್ತಾ."

ಅಣ್ಣ ಅಂಗಡಿಯ ಕಡೆ ತಿರುಗಿ ನಿಂತು ಬಹಳ ಹೊತ್ತು ಕಣ್ಣೊರೆಸಿಕೊಂಡ. ಆಮೇಲೆ ಅತ್ತೆಗೆ ಟೀ ತಂದುಕೊಟ್ಟ. ಮುಂದಿನ ದಾರಿಯುದ್ದಕ್ಕೂ ಅವನೇ ಕೇಳಿದ, ನಾನು ಹೇಳಿದೆ: ಯಾರು ಎಲ್ಲಿ ನಿಂತಿದ್ದರು, ಬಾಗಿಲು ಯಾರು ತೆಗೆದರು, ನೀರು ಎಲ್ಲಿಂದ ಬಂತು. ತಪ್ಪಿದಲ್ಲಿ ಅತ್ತೆ ತಿದ್ದಿದರು.

ಆ ರಾತ್ರಿ ಗೌಡಗೆರೆಯ ಹಜಾರದಲ್ಲಿ ಚಾಪೆ ಹಾಸಿ ಮಲಗಿದೆವು. ನನಗೆ ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಪಕ್ಕದ ಚಾಪೆಯಲ್ಲಿ ಅಣ್ಣನ ಗೊರಕೆ. ಅತ್ತೆ ವಾಕರ್ ಹಿಡಿದು ಬಾಗಿಲಿಗೆ ಅಡ್ಡ ನಿಂತು, ಐವತ್ತು ದಾಟಿದ ನಮ್ಮಿಬ್ಬರ ವಿಷಯವಾಗಿ ಹಾಲಿನವನಿಗೆ ಪಿಸುಗುಟ್ಟುತ್ತಿದ್ದರು: "ಮೆತ್ತಗೆ ಮಾತಾಡ್ಲಾ. ಮಕ್ಳು ಮಲಗವೆ."