ಬೆಳ್ಳಿಯಪ್ಪನ ತಟ್ಟೆಗೆ ಬಡಿಸಿದ್ದು

ಬಣಕಲ್‌ನ ಹೆದ್ದಾರಿ ಬದಿಯಲ್ಲಿ ಕುಸುಮಾಳದ್ದು ನಾಲ್ಕು ಬೆಂಚಿನ ಊಟದ ಹೋಟೆಲು. ಭಾನುವಾರ ಕುರಿ ಮಿದುಳಿನ ಫ್ರೈ ಮಾಡುತ್ತಿದ್ದಳು. ಅದಕ್ಕೆಂದೇ ಮೂಡಿಗೆರೆಯಿಂದ ಜನ ಬರುತ್ತಿದ್ದರು. ಮೊದಲ ತಟ್ಟೆ ಮಾತ್ರ ಗಂಡ ಬೆಳ್ಳಿಯಪ್ಪನಿಗೆ. ಎಸ್ಟೇಟುಗಳಿಗೆ ಆಳುಗಳನ್ನು ಕರೆದೊಯ್ಯುವ ಜೀಪು ಅವನದು.

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ, ಇಪ್ಪತ್ತು ವರ್ಷ ಜೀಪು ಓಡಿಸಿದ ದಾರಿಯಲ್ಲೇ ಬೆಳ್ಳಿಯಪ್ಪ ದಾರಿ ತಪ್ಪಿದ. ತಿಂಗಳೊಳಗೆ ನಡಿಗೆ ತೂರಾಡತೊಡಗಿತು. ಮಲಗಿದ್ದಲ್ಲೇ ಕೈಕಾಲು ಬೆಚ್ಚಿ ಜಿಗಿಯುತ್ತಿದ್ದವು. ಮಗಳು ರಂಜಿತಾಳ ಹೆಸರೇ ಮರೆತುಹೋಯಿತು. ಮಂಗಳೂರಿನ ಆಸ್ಪತ್ರೆಯವರು ಪ್ರಿಯಾನ್ ಅನ್ನುವ ಮಿದುಳಿನ ಕಾಯಿಲೆ ಅಂದರು, ಔಷಧಿ ಇಲ್ಲ ಅಂದರು.

ರಂಜಿತಾ ಫೋನಿನಲ್ಲಿ ಹುಡುಕಿ ಓದಿದಳು. "ಅಮ್ಮಾ, ಇಂಗ್ಲೆಂಡಲ್ಲಿ ಹುಚ್ಚು ಹಿಡಿದ ದನದ ಮಾಂಸ ತಿಂದವ್ರಿಗೂ ಇಂಥದ್ದೇ ಬಂದಿತ್ತಂತೆ. ಮಿದುಳಲ್ಲೇ ಜಾಸ್ತಿ ಇರುತ್ತಂತೆ. ಬೇಯಿಸಿದ್ರೂ ಹೋಗಲ್ವಂತೆ."

ಕುಸುಮಾ ಲೆಕ್ಕ ಹಾಕಿದಳು. ಹನ್ನೆರಡು ವರ್ಷದ ಭಾನುವಾರಗಳು! ರಂಜಿತಾಳಿಗೂ ಬಡಿಸಿದ್ದಳು, ತಾನೂ ತಿಂದಿದ್ದಳು. ಎಸ್ಟೇಟಿನ ಮೇಸ್ತ್ರಿ ಚನ್ನಬಸವ ಮೊಮ್ಮಕ್ಕಳಿಗೆಂದು ಪಾರ್ಸೆಲ್ ಒಯ್ಯುತ್ತಿದ್ದ.

ನಾಲ್ಕನೇ ದಿನ ತಾನೇ ಮಂಗಳೂರಿನ ಆಸ್ಪತ್ರೆಯ ಡಾಕ್ಟರ್ ಅರುಣ್ ಅವರ ಕೋಣೆಗೆ ಹೋದಳು.

"ಸಾರ್, ಕುರಿ ಮಿದುಳು ನಾನೇ ತಿನ್ನಿಸಿದ್ದು. ಹೋಟೆಲಿಗೆ ಬಂದವ್ರಿಗೆಲ್ಲ ಹೇಳ್ಬೇಕಾ? ಹೇಳ್ಬೇಕು ಅಂದ್ರೆ ಇವತ್ತೇ ಹೋಗಿ ಹೇಳ್ತೀನಿ."

ಡಾಕ್ಟರು ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಕುರಿಗಳಿಗೂ ಇಂಥ ಕಾಯಿಲೆ ಬರುತ್ತೆ, ನಿಜ. ಆದ್ರೆ ಅದು ಮನುಷ್ಯರಿಗೆ ಅಂಟಿದ್ದು ಎಲ್ಲೂ ಕಂಡಿಲ್ಲ. ಒಂದು ಜಾತಿಯ ಪ್ರಾಣಿಯಿಂದ ಇನ್ನೊಂದಕ್ಕೆ ದಾಟೋದು ಅದಕ್ಕೆ ಸುಲಭ ಅಲ್ಲ. ಇಂಗ್ಲೆಂಡಲ್ಲಿ ದನಗಳ ಮೇವಿಗೆ ಸತ್ತ ಪ್ರಾಣಿಗಳ ಮಾಂಸ, ಮೂಳೆಯ ಪುಡಿ ಹಾಕ್ತಿದ್ರು. ದನಗಳಲ್ಲಿ ಹಾಗೆ ಹರಡಿ, ಆಮೇಲೆ ಜನರಿಗೆ ದಾಟ್ತು. ನಿಮ್ಮ ಯಜಮಾನ್ರದ್ದು ಆ ಬಗೆ ಅಲ್ಲ. ಮಿದುಳಿನ ಒಂದು ಪ್ರೋಟೀನು ತಾನಾಗೇ ಕೆಟ್ಟು, ಪಕ್ಕದ್ದನ್ನೂ ಕೆಡಿಸ್ತಾ ಹೋಗುತ್ತೆ. ಯಾಕೆ ಅಂತ ನಮಗೂ ಗೊತ್ತಿಲ್ಲ. ಮುಟ್ಟಿದ್ರೆ ಅಂಟೋದೂ ಇಲ್ಲ."

"ಖಂಡಿತಾನಾ ಸಾರ್?"

"ಈಗ ತಿಳಿದಿರೋ ಮಟ್ಟಿಗೆ, ಹೌದು."

ಆ 'ತಿಳಿದಿರೋ ಮಟ್ಟಿಗೆ' ಅವಳಿಗೆ ಮುಳ್ಳಿನಂತೆ ಚುಚ್ಚಿತು. ಊರಿಗೆ ಬಂದವಳೇ ಚನ್ನಬಸವನಿಗೆ ಒಂದನ್ನೂ ಬಿಡದೆ ಹೇಳಿದಳು.

"ನಂದು ಬಿಡು ಮಾರಾಯ್ತಿ, ಅರವತ್ತೆಂಟಾಯ್ತು. ಮೊಮ್ಮಕ್ಕಳೂ ತಿಂದಿದಾವೆ. ಡಾಕ್ಟ್ರು ಏನಂದ್ರು, ಇನ್ನೊಂದ್ಸಲ ಹೇಳು."

ಅವಳು ಮತ್ತೆ ಹೇಳಿದಳು.

ಫೆಬ್ರವರಿಯಲ್ಲಿ ಬೆಳ್ಳಿಯಪ್ಪ ತೀರಿಕೊಂಡ. ಮುಟ್ಟಿದರೆ ಬರುತ್ತೇನೋ ಎಂದು ಜನ ಅಂಗಳದಲ್ಲೇ ನಿಂತರು. "ಮುಟ್ಟಿದ್ರೆ ಬರಲ್ಲ ಅಂದಿದಾರೆ ಡಾಕ್ಟ್ರು" ಎನ್ನುತ್ತ ಚನ್ನಬಸವ ಮೊದಲು ಹೆಗಲು ಕೊಟ್ಟ. ಆಮೇಲೆ ಉಳಿದವರು ಬಂದರು.

ಹೋಟೆಲು ಈಗಲೂ ನಡೆಯುತ್ತಿದೆ. ಸಾರು ಬಡಿಸುವಾಗ ಯಾರದ್ದಾದರೂ ಹೆಸರು ಥಟ್ಟನೆ ಹೊಳೆಯದಿದ್ದರೆ, ಸೌಟು ಹಿಡಿದವಳು ಹಾಗೇ ನಿಂತುಬಿಡುತ್ತಾಳೆ. ನೆನಪಾದ ಮೇಲೇ ಉಸಿರು ಬಿಡುವುದು.