ಕಿಟಕಿಯ ಹಳೇ ಹಸಿರು

ಗೆಳತಿಯರೇ, ಇವತ್ತು ಶ್ರೀನಿವಾಸಪುರದ ನಮ್ಮ ಹಳೇ ಮನೆಯ ಕಿಟಕಿಗೆ ಪರೀಕ್ಷೆ ನಡೆಯಿತು. ಮೊಮ್ಮಗಳ ರಕ್ತದಲ್ಲಿ ಸೀಸ ಇದೆ ಎಂದು ಡಾಕ್ಟರ್ ಹೇಳಿದ್ದರಿಂದ ಮಗಳು ಕೋಲಾರದಿಂದ ಬಣ್ಣ ಪರೀಕ್ಷೆ ಮಾಡುವವರೊಬ್ಬರನ್ನು ಕರೆಸಿದ್ದಳು. ಅವರು ಕೆಳಚೌಕಟ್ಟಿನ ಬಣ್ಣ ಕೆರೆದರು. ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಸದನ್ನು ಬಳಿಯುವುದು ನಮ್ಮ ಮನೆಯ ರೂಢಿ. ನೀಲಿ ಹೋಯಿತು, ಕಂದು ಹೋಯಿತು, ಹಸಿರು ಬಂತು. ಅವರು ಹಸಿರಿಗೆ ಒತ್ತಿದ ಮದ್ದಿನ ಹತ್ತಿಕಡ್ಡಿ ಕೆಂಪಾಯಿತು.

"ಸೀಸ ಐತಮ್ಮ. ರುಚಿ ಸಿಹಿ, ಅದಕ್ಕೇ ಮಕ್ಳು ಕಚ್ತವೆ. ನೋಡಿ, ಪಾಪು ಹಲ್ಲಿನ ಗುರುತು."

"ಹೌದು, ದಿನಾ ಅಲ್ಲೇ ಕಚ್ತಾಳೆ," ಎಂದಳು ಮಗಳು.

ಆದರೆ ಹಸಿರಿನ ಮೇಲಿನ ಆ ಗುರುತು ಮೊಮ್ಮಗಳದಲ್ಲ. ಎರಡು ವರ್ಷಕ್ಕೇ ತೀರಿಕೊಂಡ ನನ್ನ ಮಗನದು. ಹಲ್ಲು ಬರುತ್ತಿದೆ ಎಂದು ಆಗ ನಾವೆಲ್ಲ ನಕ್ಕಿದ್ದೆವು. ಅವನು ಹೋದ ಮೇಲೆ ನೋಡಲಾರದೆ ನಾನೇ ಕಂದು ಬಣ್ಣ ಬಳಿದು ಮುಚ್ಚಿದ್ದೆ. ಇಷ್ಟುದ್ದದ ಕಿಟಕಿಯಲ್ಲಿ ಈ ಮಗು ಅದೇ ಜಾಗವನ್ನು ಹೇಗೆ ಹುಡುಕಿತು?

ನಾಳೆ ಕಿಟಕಿ ಕೀಳುತ್ತಾರೆ. "ಆ ತುಂಡು ನನಗಿರಲಿ," ಎಂದೆ.

"ಅಮ್ಮಾ, ವಿಷ ಅದು! ತಲೆ ಕೆಟ್ಟೈತಾ?"

"ಕಚ್ಚೋಕೆ ನನಗೆಲ್ಲೇ ಹಲ್ಲೈತೆ?"