ಮುಂಗುಸಿ ಕಾಣದೆ ಹೊರಡಬಾರದು

ಬಾಯಮ್ಮನ ಬಲಗೈಯ ಮೊಣಕೈ ಹತ್ತಿರ ಯಾವಾಗ ನೋಡಿದರೂ ಒಂದು ಮೀನಿನ ಹುರುಪೆ ಅಂಟಿಕೊಂಡಿರುತ್ತಿತ್ತು. ಇಗರ್ಜಿಗೆ ಹೊರಟು, ಮುಖಕ್ಕೆ ಪೌಡರ್ ಹಾಕಿ, ಇಸ್ತ್ರಿ ಮಾಡಿದ ಸೀರೆ ಉಟ್ಟಾಗಲೂ ಅದೊಂದು ಅಲ್ಲಿ ಮಿನುಗುತ್ತಿತ್ತು. ತೋರಿಸಿದರೆ ಉಗುರಿನಿಂದ ಕಿತ್ತು, “ನನ್ನ ಹತ್ರ ಇರುವ ಬೆಳ್ಳಿ ಇಷ್ಟೇ” ಎಂದು ನಗುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ, ಮದುವೆಯಾದ ಹೊಸತರಲ್ಲಿ ನಾನು ಬಹರೈನಿಗೆ ಬಂದೆ. ಅಲ್ಲಿನ ಸೆಗಯಾ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ ನಮ್ಮ ಮನೆ. ಇವರು ಹಡಗು ರಿಪೇರಿಯ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋದರೆ ಬರುವುದು ಕತ್ತಲಾದ ಮೇಲೆ. ನಡುವಿನ ಹೊತ್ತನ್ನು ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಎಸಿ ಗೊರಗುಟ್ಟುವುದನ್ನು ಕೇಳುತ್ತ ಕುಳಿತು, ತುಳುವಿನಲ್ಲಿ ನನ್ನೊಂದಿಗೇ ನಾನು ಮಾತಾಡಿಕೊಳ್ಳತೊಡಗಿದೆ. ಅದು ನನಗೇ ಹೆದರಿಕೆ ಹುಟ್ಟಿಸಿತು. ಊರಿಗೆ ಹೋಗಿಬಿಡುತ್ತೇನೆ ಎಂದು ಒಂದು ದಿನ ಅತ್ತುಬಿಟ್ಟೆ. ಇವರು, “ಆಗ್ಲಿ, ತಿಂಗಳ ಕೊನೆಗೆ ಟಿಕೆಟ್ ಮಾಡಿಸ್ತೇನೆ” ಎಂದರು. ಹೋದರೆ ನಾನು ಮರಳಿ ಬರುವವಳಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬಾಯಮ್ಮ ಅದೇ ಕಟ್ಟಡದ ಕೆಳ ಅಂತಸ್ತಿನ ಒಂಟಿ ಕೋಣೆಯಲ್ಲಿದ್ದರು. ಮಂಗಳೂರು ಕಡೆಯ ಕ್ರಿಸ್ತುವರು, ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮಧ್ಯಾಹ್ನದ ಮೇಲೆ ಪಕ್ಕದ ಬಡಾವಣೆ ಅದ್ಲಿಯಾದ ಬಿಳಿಯರ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಟಿಕೆಟಿನ ವಿಷಯ ಹೇಳಲು ಹೋದಾಗ ಅವರು ಹಿಂದಿನ ಬಾಗಿಲನ್ನು ಎಳೆದು ಚಿಲಕ ಹಾಕಿ ಬಂದರು. ಆ ಬಾಗಿಲು ನಾನಿದ್ದಾಗ ತೆರೆದದ್ದೇ ಇಲ್ಲ. “ಆಚೆ ಎಲ್ಲ ಗಲೀಜು” ಎನ್ನುತ್ತಿದ್ದರು.

“ಹೋಗು ಮಾರಾಯ್ತಿ, ಯಾರು ಬೇಡ ಹೇಳಿದ್ದು? ಆದ್ರೆ ದೂರದ ದಾರಿಗೆ ಹೊರಡುವ ಮೊದ್ಲು ಒಂದು ಮುಂಗುಸಿ ಕಾಣ್ಬೇಕು. ನಿಮ್ಮ ಮನೆಯಲ್ಲಿ ಹೇಳ್ಲಿಲ್ವಾ?”

ಹೇಳಿದ್ದರು. ಮುಂಗುಸಿ ಕಣ್ಣಿಗೆ ಬಿದ್ದರೆ ಹೋದ ಕೆಲಸ ಆಯಿತೆಂದೇ ನಮ್ಮಜ್ಜಿ ತಿಳಿಯುತ್ತಿದ್ದರು. ನಾನು ಹೊರಟು ಬಂದ ದಿನ ಒಂದೂ ಕಂಡಿರಲಿಲ್ಲ. ಅದಕ್ಕೇ ಹೀಗಾಯಿತೇನೋ ಎಂದು ಆ ಕ್ಷಣಕ್ಕೆ ಅನಿಸಿಬಿಟ್ಟಿತು.

“ಈ ಮರಳಲ್ಲಿ ಮುಂಗುಸಿ ಎಲ್ಲಿಂದ ಬರ್ಬೇಕು ಬಾಯಮ್ಮ?”

“ನಮ್ಮ ದೇಶದಿಂದ್ಲೇ ಬಂದದ್ದಂತೆ. ಯಾವ ಕಾಲದಲ್ಲಿ ಯಾರು ಹಡಗಲ್ಲಿ ತಂದ್ರೋ. ಅದಕ್ಕೆ ವೀಸಾ ಬೇಡ, ನಮಗೆ ಬೇಕು, ಅಷ್ಟೇ ವ್ಯತ್ಯಾಸ.”

ನಿಮ್ಮ ಪಾದ್ರಿಗಳು ಇದನ್ನೆಲ್ಲ ಒಪ್ಪುತ್ತಾರೆಯೇ ಎಂದು ಕೆಣಕಿದೆ. “ಪಾದ್ರಿಗೆ ನಾನು ಎಲ್ಲ ಹೇಳುದಿಲ್ಲ” ಎಂದರು.

ಎಲ್ಲಿ ನೋಡಬೇಕೆಂದು ಅವರೇ ಕಲಿಸಿದರು. ಎಸಿಯ ನೀರು ತೊಟ್ಟಿಕ್ಕುವ ಕಡೆ ನೋಡು, ಅದಕ್ಕೆ ಅದೇ ಬಾವಿ. ಬೆಕ್ಕು ಗೋಡೆಯ ಮೇಲೆ ನಡೆಯುತ್ತದೆ, ಮುಂಗುಸಿ ಗೋಡೆಯ ಬುಡ ಬಿಡುವುದಿಲ್ಲ. ಬಿಸಿಲೇರುವ ಮೊದಲು ರೊಟ್ಟಿ ಭಟ್ಟಿಯ ಹಿಂದೆ ಹೋಗು, ಸಂಜೆಯಾದರೆ ಖರ್ಜೂರದ ತೋಟದ ಅಂಚಿಗೆ. ಬೆಳಿಗ್ಗೆ ಒಬ್ಬಳೇ ಹೋಗುತ್ತಿದ್ದೆ. ಶುಕ್ರವಾರ ಅವರೂ ಬಂದು, ಅದ್ಲಿಯಾದ ಬಂಗಲೆಗಳ ಬೇಲಿಯ ಉದ್ದಕ್ಕೂ ಇಬ್ಬರೂ ಬಗ್ಗಿ ಬಗ್ಗಿ ನೋಡುತ್ತ ನಡೆಯುತ್ತಿದ್ದೆವು. ಕಳ್ಳರೆಂದು ಯಾರೂ ಹಿಡಿಯದಿದ್ದದ್ದು ನಮ್ಮ ಪುಣ್ಯ.

ಮುಂಗುಸಿ ಮಾತ್ರ ಕಾಣಲಿಲ್ಲ. ಒಮ್ಮೆ ಬಾಲ ಕಂಡಂತಾಗಿ ನಾನು ಕೂಗಿದರೆ ಬಾಯಮ್ಮ, “ಬಾಲ ಸಾಲ್ದು, ಮುಖ ಕಾಣ್ಬೇಕು” ಎಂದುಬಿಟ್ಟರು. ತಿಂಗಳ ಕೊನೆ ಬಂತು. ಮುಂದಿನ ತಿಂಗಳು ನೋಡೋಣ ಎಂದು ನಾನೇ ಇವರಿಗೆ ಹೇಳಿದೆ. ಅಷ್ಟರಲ್ಲಿ ಭಟ್ಟಿಯವನು ನನ್ನನ್ನು ಕಂಡರೆ ಸಲಾಂ ಹೇಳುತ್ತಿದ್ದ, ಮೂಲೆಯಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಊರ ಕಡೆಯ ಬ್ಯಾರಿಗಳು, “ನಿಮ್ಮ ಮುಂಗುಸಿ ಸಿಕ್ಕಿತಾ ಅಕ್ಕಾ?” ಎಂದು ವಿಚಾರಿಸುತ್ತಿದ್ದರು. ಹೀಗೆ ಒಂದು ಚಳಿಗಾಲ ಕಳೆಯಿತು.

ಮತ್ತೆ ಸೆಕೆ ಏರುವ ಹೊತ್ತಿಗೆ ಅದ್ಲಿಯಾದ ಆ ಮನೆಯವರು ದೇಶ ಬಿಟ್ಟರು. ಬಾಯಮ್ಮನ ವೀಸಾವೂ ಅಲ್ಲಿಗೆ ಮುಗಿಯಿತು. ಒಂದು ಟ್ರಂಕಿನೊಡನೆ ಟ್ಯಾಕ್ಸಿ ಹತ್ತುವಾಗ ಕೋಣೆಯ ಬೀಗದ ಕೈಯನ್ನು ಮಾಲೀಕನಿಗೆ ಕೊಡಲೆಂದು ನನಗೆ ಒಪ್ಪಿಸಿದರು. “ಮೀನು ಮಾಡಿದ್ರೆ ತಲೆ ಬಿಸಾಡ್ಬೇಡ. ಹಿಂದೆ ನೀರಿನ ಟ್ಯಾಂಕಿಯ ಹತ್ರ ಇಡು, ಬೆಕ್ಕುಗಳಿಗೆ” ಎಂದರು. ನಾನು ಅಳುತ್ತಿದ್ದೆ. ಅವರು ಅಳಲಿಲ್ಲ, ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ತಟ್ಟಿದರು.

ಮರುದಿನ ಬೆಳಿಗ್ಗೆ ಮೀನಿನ ತಲೆ ಹಿಡಿದು ಅವರ ಹಿಂದಿನ ಬಾಗಿಲನ್ನು ಮೊದಲ ಸಲ ತೆರೆದೆ. ಹಿತ್ತಲು ಗುಡಿಸಿ ಒಪ್ಪವಾಗಿತ್ತು. ಟ್ಯಾಂಕಿಯ ಕೆಳಗಿನಿಂದ ಮುಂಗುಸಿ ಹೊರಬಂತು. ಸ್ವಲ್ಪವೂ ಹೆದರದೆ ಮೆಟ್ಟಿಲವರೆಗೆ ಬಂದು, ಹಿಂಗಾಲ ಮೇಲೆ ನಿಂತು, ನನ್ನನ್ನು ದಾಟಿ ಖಾಲಿ ಕೋಣೆಯ ಒಳಗೆ ನೋಡಿತು. ಎಷ್ಟು ಹೊತ್ತು ಕಾದರೂ ಒಳಗಿನಿಂದ ಯಾರೂ ಬರಲಿಲ್ಲ.

ಮೀನಿನ ತಲೆಯನ್ನು ಮೆಟ್ಟಿಲ ಮೇಲಿಟ್ಟು ನಾನು ಬಾಗಿಲಲ್ಲೇ ಕುಳಿತೆ. ನನ್ನ ಒಂಟಿತನ ನೋಡಲಾರದೆ ಇದನ್ನು ಮುಚ್ಚಿಟ್ಟು ನನ್ನನ್ನು ಊರೆಲ್ಲ ಹುಡುಕಿಸಿದರೆಂದು ಮೊದಲು ಅನಿಸಿತು. ಆಮೇಲೆ ತಿಳಿಯಿತು, ಆ ಕೋಣೆಯಲ್ಲಿ ಅವರಿಗೂ ಮುಂಗುಸಿ ಬಿಟ್ಟರೆ ನಾನೊಬ್ಬಳೇ ಇದ್ದದ್ದು. ಅವರು ಇದ್ದಾಗಲೇ ಇದು ತಿಳಿದಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ. ಎರಡು ವರ್ಷದ ಮೇಲೆ ಬಾಯಮ್ಮ ಊರಲ್ಲಿ ತೀರಿಕೊಂಡ ಸುದ್ದಿಯನ್ನು ಬ್ಯಾರಿಗಳೇ ತಂದರು.

ಮುಂಗುಸಿ ಕಂಡ ಆ ದಿನ ಸಂಜೆ ಇವರು ಕೆಲಸದಿಂದ ಬಂದವರು ಬೂಟು ಬಿಚ್ಚುತ್ತ, “ಬಾಯಮ್ಮನೂ ಹೋದ್ರಲ್ಲ. ನಿನ್ನ ಟಿಕೆಟ್ ಮಾಡಿಸ್ಲಾ?” ಎಂದು ಕೇಳಿದರು.

“ಬೇಡ” ಎಂದೆ. “ಮುಂಗುಸಿ ಇನ್ನೂ ಕಾಣ್ಲಿಲ್ಲ.”